ಮೂವತ್ಮೂರನೆಯ ಕರ್ನೆಲ್

"ಅಮ್ಮಾ, ಕಸೂತಿ ಅತ್ತೆ ದಿನಾ ಕಂಪ್ಯೂಟರ್‌ಗೆ ‘ಎದ್ಯಾ ಕಂದಾ?’ ಅಂತಾರಲ್ಲ, ಅದರೊಳಗೆ ಯಾರು ಮಲಗಿದಾರೆ?"

ಜಡೆ ಹಾಕಿಸಿಕೊಳ್ಳುತ್ತಾ ಮಗಳು ಕೇಳಿದಳು. "ಯಾರೂ ಇಲ್ಲ, ತಲೆ ಅಲ್ಲಾಡಿಸಬೇಡ" ಎಂದೆ. ಐದು ವರ್ಷದ ಮಗುವಿಗೆ ಇನ್ನೇನು ಹೇಳುವುದು? ಆದರೆ ಈ ವಾರ ಕಂಡದ್ದನ್ನು ಬರೆದಿಡದಿದ್ದರೆ ನನಗೇ ಸಮಾಧಾನವಿಲ್ಲ.

ಮಗಳ ಕಸೂತಿ ಅತ್ತೆ ಎಂದರೆ ನಮ್ಮ ಕೆಳಗಿನ ಮನೆಯವರು. ನಾನು ಅಕ್ಕ ಎಂದು ಕರೆಯುತ್ತೇನೆ. ಐವತ್ತು ದಾಟಿದೆ. ಹತ್ತೊಂಬತ್ತಕ್ಕೆ ದರ್ಜಿಯ ಅಂಗಡಿಯಲ್ಲಿ ಕಾಜಾ ಹೊಲಿಯಲು ಕೂತವರು, ತನಗಿಂತ ಹನ್ನೆರಡು ವರ್ಷ ಚಿಕ್ಕವನಾದ, ತಾಯಿಯಿಲ್ಲದ ತಮ್ಮನನ್ನು ಆ ಸೂಜಿಯ ತುದಿಯಲ್ಲೇ ಓದಿಸಿದರು. ಇವರ ಕಣ್ಣು ಮಂಜಾದಾಗ ಅವನು ಯಾವುದೋ ಮುಚ್ಚಿದ ಕಾರ್ಖಾನೆಯಿಂದ ಹಳೆಯ ಕಸೂತಿ ಯಂತ್ರ ತಂದ. ಅದಕ್ಕೊಂದು ಗುಜರಿ ಕಂಪ್ಯೂಟರ್ ಜೋಡಿಸಿ, "ಇನ್ನು ನೀನು ದಾರ ಪೋಣಿಸಿದ್ರೆ ಸಾಕಕ್ಕಾ" ಅಂದನಂತೆ. ಯಂತ್ರದ ಜೊತೆ ಮಾತಾಡುವ ಪ್ರೋಗ್ರಾಮನ್ನು ಅವನೇ ತಿದ್ದಿ ಕೂರಿಸಿದ್ದ. ಮೂರು ವರ್ಷದ ಹಿಂದೆ ಆಸ್ಪತ್ರೆಗೆ ತನ್ನ ಕಾಲಲ್ಲೇ ನಡೆದು ಹೋದವನು ಮರಳಿ ಬರಲಿಲ್ಲ.

ಕರ್ನೆಲ್ ಎಂದರೇನೆಂದು ನನಗೆ ಹೇಳಿಕೊಟ್ಟದ್ದು ಅಕ್ಕನೇ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಉಳಿದವರನ್ನು ಎಬ್ಬಿಸುವವಳು ಇರುತ್ತಾಳಲ್ಲ, ಕಂಪ್ಯೂಟರಿಗೆ ಅದು ಹಾಗೆ. ಅವರ ತಮ್ಮ ಅದನ್ನು ಸಿದ್ಧವಾಗಿ ತಂದು ಹಾಕಿದವನಲ್ಲ. ಆ ಯಂತ್ರಕ್ಕೆ ಬೇಕಾದ್ದನ್ನಷ್ಟೇ ಆರಿಸಿ, ತಾನೇ ಕಂಪೈಲ್ ಮಾಡಿ ಕಟ್ಟಿದವನು. ಕಟ್ಟಿದವರ ಹೆಸರು, ಎಷ್ಟನೆಯ ಸಲ ಕಟ್ಟಿದ್ದು, ಯಾವ ತಾರೀಖು, ಇಷ್ಟೂ ಪರದೆಯ ಮೊದಲ ಸಾಲಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗುತ್ತದೆ. ಅವನ ಹೆಸರು, ಮೂವತ್ತೊಂದನೆಯ ಸಲ. ಅಕ್ಕ ದಿನಾ ಬೆಳಿಗ್ಗೆ ಚಹಾದ ಲೋಟ ಹಿಡಿದು ಆ ಸಾಲಿಗಾಗಿ ಕಾಯುತ್ತಿದ್ದರು. ಹೆಸರು ಮಿಂಚಿದೊಡನೆ ಆ ಪ್ರಶ್ನೆ: "ಎದ್ಯಾ ಕಂದಾ?"

ಹೋದ ವಾರ ಕಂಪ್ಯೂಟರಿನ ಬೋರ್ಡು ಸುಟ್ಟಿತು. ರಿಪೇರಿಯವನು ಬೇರೊಂದು ಹಾಕಿದ. ಡಿಸ್ಕ್ ಸರಿಯಾಗಿಯೇ ಇತ್ತು, ಆದರೆ ಹೊಸ ಬೋರ್ಡಿನ ಮೂಲಕ ಅದನ್ನು ಓದುವ ಬಗೆ ಹಳೆಯ ಕರ್ನೆಲ್‌ಗೆ ಗೊತ್ತಿರಲಿಲ್ಲ. ಹೆಸರಿನ ಸಾಲು ಬಂದು, ನಾಲ್ಕು ಕ್ಷಣ ತಡಕಾಡಿ, ಅಲ್ಲೇ ನಿಂತುಬಿಡುತ್ತಿತ್ತು.

"ಎಲ್ಲಾ ಅಳಿಸಿ ಹೊಸದು ಹಾಕ್ಕೊಡ್ತೀನಿ ಅಮ್ಮಾ, ಅರ್ಧ ಗಂಟೆ ಕೆಲಸ" ಎಂದ ರಿಪೇರಿಯವನು.

"ನಿನ್ನ ಹೊಸದಕ್ಕೆ ನನ್ನ ಕಸೂತಿ ಯಂತ್ರದ ಭಾಷೆ ಬರುತ್ತೇನಪ್ಪಾ?"

"ಬರಲ್ಲ. ಅದನ್ನೂ ಹೊಸದು ತಗೊಂಡ್ಬಿಡಿ."

"ನೆಗಡಿ ಅಂತ ಬಂದ್ರೆ ಮೂಗೇ ಕೊಯ್ಯಿ ಅಂತೀಯಲ್ಲ!"

ಅವನು ನಕ್ಕು ಒಂದು ಪೆನ್ ಡ್ರೈವ್ ಕೊಟ್ಟು ಹೋದ. ಅದರಿಂದ ಕಂಪ್ಯೂಟರನ್ನು ತಾತ್ಕಾಲಿಕವಾಗಿ ಎಬ್ಬಿಸಿ ಡಿಸ್ಕಿನೊಳಗೆ ಇಳಿಯಬಹುದಿತ್ತು. ಹತ್ತು ದಿನದಲ್ಲಿ ಶಾಲೆ ಶುರು. ನಾನೂರು ಸಮವಸ್ತ್ರಗಳಿಗೆ ಲಾಂಛನ ಹೊಲಿದು ಕೊಡಬೇಕು. ಇದು ಏಳದಿದ್ದರೆ ಅಕ್ಕನ ಕೆಲಸವೇ ಮುಗಿದಂತೆ. "ಅವನು ಮಾಡೋದನ್ನ ಮೂವತ್ತೊಂದು ಸಲ ಪಕ್ಕದಲ್ಲಿ ಕೂತು ನೋಡಿದೀನಿ. ಅವನ ನೋಟ್‌ಬುಕ್ಕೂ ಇದೆ. ನೀನು ಓದಿ ಹೇಳು, ನಾನು ಒತ್ತುತ್ತೀನಿ" ಎಂದರು.

ಮಗಳನ್ನು ಬೇಸಿಗೆ ಶಿಬಿರಕ್ಕೆ ಬಿಟ್ಟು ಬಂದು ಕೂತೆವು. ಅವನ ಫೋಲ್ಡರಿನಲ್ಲಿ ಎಲ್ಲವೂ ಅವನು ಬಿಟ್ಟ ಹಾಗೇ ಇತ್ತು. ಪ್ರತಿಯೊಂದು ಆಯ್ಕೆಯ ಮುಂದೆ ಅವನು ಹಾಕಿದ ಗುರುತು. ಪ್ರಿಂಟರ್ ಬೇಡ. ಕ್ಯಾಮೆರಾ ಬೇಡ. ಸಾಲು ಸಾಲಾಗಿ ಬೇಡ ಎಂದವನು ಒಂದು ಕಡೆ ರೇಡಿಯೋ ಕೇಳಿಸುವ ಕಾರ್ಡನ್ನು ಮಾತ್ರ ಉಳಿಸಿಕೊಂಡಿದ್ದ. "ನಾನು ಕೆಲಸ ಮಾಡ್ತಾ ಕೇಳ್ಲಿ ಅಂತ" ಎಂದರು ಅಕ್ಕ. ಹೋದವರ ಬೀರು ತೆರೆದಾಗ ಆಗುವ ಸಂಕೋಚ ನನಗೆ.

ಹೊಸ ಬೋರ್ಡಿನಲ್ಲಿ ಡಿಸ್ಕ್ ಓದಲು ಬೇಕಾದ ಪ್ರೋಗ್ರಾಮಿನ ತುಂಡು ಆ ಪಟ್ಟಿಯಲ್ಲೇ ಸಿಕ್ಕಿತು. ನೋಟ್‌ಬುಕ್ಕಿನಲ್ಲಿ ಅವನು ದಪ್ಪ ಅಕ್ಷರದಲ್ಲಿ ಬರೆದಿದ್ದ: ಹೊಸದು ಏನೇ ಸೇರಿಸಿದರೂ ‘ಎಂ’ ಒತ್ತು. ಎಂ ಎಂದರೆ ತುಂಡನ್ನು ಕರ್ನೆಲ್‌ನ ಹೊರಗೆ, ಡಿಸ್ಕಿನಲ್ಲಿ ಇಡುವುದು, ಬೇಕಾದಾಗ ಕರೆಸಿಕೊಳ್ಳುವುದು. ಅಕ್ಕ ಎಂ ಒತ್ತಿದರು. ಮೂರು ಗಂಟೆ ಕಾಲ ಪರದೆಯ ಮೇಲೆ ಅಕ್ಷರಗಳು ಹರಿದವು. ಖಾಲಿ ಕುರ್ಚಿಯೊಂದರಲ್ಲಿ ಯಾರೋ ಕೂತು ಟೈಪ್ ಮಾಡುತ್ತಿರುವ ಹಾಗೆ.

ಏಳಲಿಲ್ಲ. ಹಳೆಯ ಜಾಗದಲ್ಲೇ ನಿಂತಿತು.

ಅಕ್ಕ ಹಣೆ ಚಚ್ಚಿಕೊಂಡು ನಕ್ಕರು. "ಡಿಸ್ಕ್ ಓದೋದನ್ನ ಹೇಳಿಕೊಡೋ ತುಂಡನ್ನ ಡಿಸ್ಕ್ ಒಳಗೇ ಇಟ್ಟಿದೀವಿ ಕಣೇ! ಬೀಗದ ಕೈ ಪೆಟ್ಟಿಗೆಯೊಳಗಿಟ್ಟು ಪೆಟ್ಟಿಗೆಗೆ ಬೀಗ ಹಾಕಿದ ಹಾಗಾಯ್ತು. ಅವನ ಮಾತನ್ನ ಮೀರಬಾರದು ಅಂತ ಕಣ್ಣು ಮುಚ್ಚಿಕೊಂಡು ಒತ್ತಿಬಿಟ್ಟೆ."

"ಹಾಗಾದ್ರೆ ಅವರು ಬರೆದದ್ದು ತಪ್ಪಾ?"

"ಅವನಿಗೆ ಸರಿ. ಅವನಿದ್ದಾಗ ಬೋರ್ಡು ಸುಟ್ಟಿರಲಿಲ್ಲವಲ್ಲ."

ಮರುದಿನ ಎಂ ಇದ್ದ ಕಡೆ ‘ವೈ’ ಒತ್ತಿದರು. ತುಂಡು ಕರ್ನೆಲ್‌ನೊಳಗೇ ಸೇರಿತು. ಮತ್ತೆ ಮೂರು ಗಂಟೆ.

ಈ ಸಲ ಎದ್ದಿತು. ಕಸೂತಿ ಯಂತ್ರದ ಹಸಿರು ದೀಪ ಹೊತ್ತಿ, ಸೂಜಿ ಒಮ್ಮೆ ಕುಣಿದು ತನ್ನ ಜಾಗಕ್ಕೆ ಬಂದು ನಿಂತಿತು. ನಾನು ಚಪ್ಪಾಳೆ ತಟ್ಟಿದೆ. ಅಕ್ಕ ತಟ್ಟಲಿಲ್ಲ. ಅವರ ಮುಖ ಬಿಳಿಚಿಕೊಂಡಿತ್ತು.

"ನೋಡಿದ್ಯಾ?"

"ಏನನ್ನ?"

ಅವರು ಮೊದಲ ಸಾಲನ್ನು ಮತ್ತೆ ಪರದೆಗೆ ತರಿಸಿದರು. ಮೂವತ್ಮೂರನೆಯ ಸಲ ಎಂದಿತ್ತು. ಅವನ ಎಣಿಕೆ ನಿಂತಲ್ಲಿಂದಲೇ ಮುಂದುವರಿದಿತ್ತು. ನಿನ್ನೆ ಸೋತದ್ದು ಮೂವತ್ತೆರಡು. ತಾರೀಖು ಇವತ್ತಿನದು. ಕಟ್ಟಿದವರ ಜಾಗದಲ್ಲಿ ತಮ್ಮನ ಹೆಸರು.

ಕಾರಣ ಹೊಳೆಯಲು ಒಂದು ನಿಮಿಷ ಬೇಕಾಯಿತು. ಮೂರು ವರ್ಷದಿಂದ ಅಕ್ಕ ಕಂಪ್ಯೂಟರಿಗೆ ಲಾಗಿನ್ ಆಗುತ್ತಿದ್ದದ್ದು ಅವನ ಹೆಸರಲ್ಲೇ. ಈ ಎರಡು ದಿನ ಪೆನ್ ಡ್ರೈವ್‌ನಿಂದ ಡಿಸ್ಕಿನೊಳಗೆ ಇಳಿದಾಗಲೂ ಹಾಗೇ ಮಾಡಿದ್ದೆವು. ಕರ್ನೆಲ್ ಕಟ್ಟುವಾಗ ಎದುರಿಗಿದ್ದ ಹೆಸರನ್ನೇ ಅದು ಬರೆದುಕೊಂಡಿತ್ತು, ಅಷ್ಟೆ.

"ಅಕ್ಕಾ, ಬಿಡಿ. ಕೆಲಸ ಆಗ್ತಿದೆಯಲ್ಲ. ಹೆಸರು ಇದ್ದರೆ ಇರಲಿ."

ಅಕ್ಕ ಪರದೆಯ ಆ ತಾರೀಖಿನ ಮೇಲೆ ಬೆರಳಿಟ್ಟರು. "ಹಳೇ ತಾರೀಖಿನ ಜೊತೆ ಅವನ ಹೆಸರು ನೋಡೋವಾಗ ಸಮಾಧಾನ ಇತ್ತು ಕಣೇ. ಅವತ್ತು ಇದ್ದ, ಅವತ್ತು ಮಾಡಿದ. ಇದು ಹಾಗಲ್ಲ. ಇವತ್ತು ಬಂದು ಮಾಡಿ ಹೋದ ಅನ್ನುತ್ತೆ. ದಿನಾ ಬೆಳಿಗ್ಗೆ ಹೀಗಂದ್ರೆ ನಾನು ಬಾಗಿಲು ನೋಡ್ತಾ ಕೂತುಬಿಡ್ತೀನಿ. ನಾನೂರು ಅಂಗಿ ಯಾರು ಹೊಲೀತಾರೆ?"

ಮಗಳನ್ನು ಕರೆತರುವ ಹೊತ್ತಾಗಿತ್ತು. ಚಪ್ಪಲಿ ಮೆಟ್ಟುತ್ತಿದ್ದ ನನ್ನನ್ನು ಅಕ್ಕ ಕೈ ಹಿಡಿದು ನಿಲ್ಲಿಸಿದರು.

"ನಾಳೆ ಇನ್ನೊಂದು ಸಲ ಕಟ್ಟೋಣ, ನನ್ನ ಹೆಸರಲ್ಲಿ. ಒಂದು ಉಪಕಾರ ಮಾಡ್ತೀಯಾ? ಲಾಗಿನ್ ಹೆಸರು ಕೇಳುತ್ತಲ್ಲ, ಅಲ್ಲಿ ನೀನೇ ಟೈಪ್ ಮಾಡು. ನನ್ನ ಕೈಗೆ ಬಿಟ್ಟರೆ ಅದು ಅವನ ಹೆಸರನ್ನೇ ಬರೆಯುತ್ತೆ."