ಫೈವ್ ನೈನ್ ಅನ್ನಲಾರೆ, ಸಾಹೇಬರೇ

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಏಳೂವರೆಗೆ ನಾನು ಕಾರವಾರದ ಒಬ್ಬ ದೊಡ್ಡ ಮನುಷ್ಯರ ಮರ್ಯಾದೆ ತೆಗೆದೆ. ಬರೀ ಎರಡು ಅಂಕಿ ಹೇಳಿ. ಅದೂ ಹತ್ತಿಪ್ಪತ್ತು ಜನ ಕೇಳುತ್ತಿರುವಾಗ.

ನಿಮಗೆ ಗೊತ್ತೇ ಇದೆ, ನಾನು ಅಂಕೋಲೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರು, ಜೊತೆಗೆ ಹ್ಯಾಮ್ ರೇಡಿಯೋದ ಹುಚ್ಚಿ. (ಮನೆಯಿಂದಲೇ ರೇಡಿಯೋದಲ್ಲಿ ಊರೂರಿನವರ ಜೊತೆ ಮಾತಾಡುವ, ಸರ್ಕಾರದ ಪರೀಕ್ಷೆ ಬರೆದು ಲೈಸೆನ್ಸ್ ಪಡೆದ ಹುಚ್ಚು ಇದು.) ತಾರಸಿಯ ಮೇಲೆ ಒಂದು ತಂತಿ, ಮೇಜಿನ ಮೇಲೆ ಒಂದು ಪೆಟ್ಟಿಗೆ. ಪ್ರತಿ ಭಾನುವಾರ ನಮ್ಮ ಬಳಗ ರೇಡಿಯೋದಲ್ಲೇ ಸೇರುತ್ತದೆ. ಹುಬ್ಬಳ್ಳಿ, ಗೋವಾ, ಶಿವಮೊಗ್ಗದಿಂದೆಲ್ಲ ಒಬ್ಬೊಬ್ಬರೇ ಬಂದು ಹಾಜರಿ ಹೇಳುತ್ತಾರೆ. ಇದಕ್ಕೆ ನಾವು ನೆಟ್ ಅನ್ನುತ್ತೇವೆ.

ನನ್ನ ಸೆಟ್ಟು ಐದು ವ್ಯಾಟಿನದು. ಹೌದು, ಐದೇ. ನಿಮ್ಮ ಬಚ್ಚಲುಮನೆಯ ಬಲ್ಬು ಅದಕ್ಕಿಂತ ಹೆಚ್ಚು ಕರೆಂಟು ತಿನ್ನುತ್ತದೆ. ನೆಟ್ ನಡೆಸುವ ಕಾರವಾರದ ಸಾಹೇಬರದು (ನಿವೃತ್ತ ಇಂಜಿನಿಯರು, ನಮಗೆಲ್ಲ ಹಿರಿಯರು) ನೂರು ವ್ಯಾಟಿನದು. ಅದೂ ಸಾಲದೆ ಹೊಸ ಆಂಪ್ಲಿಫೈಯರ್ ತಂದು ನಾನೂರಕ್ಕೆ ಏರಿಸಿದ್ದರು. ಆ ಭಾನುವಾರ ಅದರ ಉದ್ಘಾಟನೆ. ಒಬ್ಬೊಬ್ಬರನ್ನೇ ಕರೆದು 'ನನ್ನ ರಿಪೋರ್ಟ್ ಹೇಳಿ' ಅಂದರು.

ರಿಪೋರ್ಟ್ ಅಂದರೆ ಎರಡು ಅಂಕಿ. ಮೊದಲನೆಯದು ಮಾತು ಎಷ್ಟು ಅರ್ಥವಾಯಿತು ಎಂಬುದಕ್ಕೆ, ಐದರಲ್ಲಿ. ಎರಡನೆಯದು ಸಿಗ್ನಲ್ ಎಷ್ಟು ಜೋರಿದೆ ಎಂಬುದಕ್ಕೆ, ಒಂಬತ್ತರಲ್ಲಿ. ಫೈವ್ ನೈನ್ ಅಂದರೆ ಪೂರ್ತಿ ಮಾರ್ಕು. ನಮ್ಮಲ್ಲೊಂದು ರೂಢಿ ಇದೆ. ಕೇಳಲಿ ಬಿಡಲಿ, ಎಲ್ಲರಿಗೂ ಫೈವ್ ನೈನ್. 'ಫೈವ್ ನೈನ್ ಸಾರ್, ಸೂಪರ್ ಸಿಗ್ನಲ್. ನಿಮ್ಮ ಹೆಸರು ಇನ್ನೊಮ್ಮೆ ಹೇಳ್ತೀರಾ?' ಇದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಬಾಯಾರೆ ಹೇಳಿಯೂ ಇದ್ದೇನೆ. ಸಾಹೇಬರಿಗೇ ಎಷ್ಟು ವರ್ಷ ಹೇಳಿಲ್ಲ?

ಆ ದಿನವೂ ಎಲ್ಲರೂ ಫೈವ್ ನೈನ್ ಅಂದರು. ನನ್ನ ಸರದಿ ಬಂತು. ಮೀಟರಿನ ಮುಳ್ಳು ಒಂಬತ್ತು ದಾಟಿ ಬಲಗಡೆ ಹೋಗಿ ಕೂತಿತ್ತು. ಆದರೆ ಮಾತು? ಮೈಕನ್ನು ಎಷ್ಟು ಏರಿಸಿದ್ದರೆಂದರೆ ದನಿ ಒಡೆದು, ಬಾಯಿತುಂಬ ಎಲೆಯಡಿಕೆಯ ಕವಳ ಹಾಕಿಕೊಂಡವರು ಮಾತಾಡಿದ ಹಾಗೆ ಬರುತ್ತಿತ್ತು. ಮೂರು ಶಬ್ದದಲ್ಲಿ ಒಂದು ಬಿಟ್ಟು ಹೋಗುತ್ತಿತ್ತು.

'ತ್ರೀ ನೈನ್' ಅಂದೆ.

ಸಾಹೇಬರು, 'ಅಕ್ಕೋರೆ, ಇನ್ನೊಂದ್ಸಲ ಹೇಳಿ.' (ನಮ್ಮ ಕಡೆ ಟೀಚರಿಗೆ ಅಕ್ಕೋರು ಅನ್ನುತ್ತಾರೆ.)

'ಜೋರು ಒಂಬತ್ತು ಸಾರ್. ಅರ್ಥ ಆಗೂದು ಮೂರೇ.'

ಮಧ್ಯಾಹ್ನ ವಾಟ್ಸ್ಯಾಪ್ ಗ್ರೂಪಿಗೆ ಸಾಹೇಬರ ಪ್ರಸ್ತಾಪ ಬಂತು. ಇನ್ನು ಮೇಲೆ ನೆಟ್‌ಗೆ ಬರಲು ಕನಿಷ್ಠ ಐವತ್ತು ವ್ಯಾಟ್ ಕಡ್ಡಾಯ. ಸಣ್ಣ ಸಿಗ್ನಲ್‌ಗಳಿಂದ ಎಲ್ಲರ ಸಮಯ ಹಾಳು. ಅಭಿಪ್ರಾಯ ತಿಳಿಸಿ. ಕೆಳಗೆ ಹೆಬ್ಬೆಟ್ಟುಗಳ ಸಾಲು.

ನನಗೇನು? ಬೇಕಾದರೆ ನೂರು ವ್ಯಾಟಿನ ಸೆಟ್ಟು ತಂದೇನು. ಆದರೆ ಹಿಲ್ಲೂರಿನ ಭಟ್ಟರು? ಅವರು ದೇವಸ್ಥಾನದ ಅರ್ಚಕರು, ಬೆಳಗಿನ ಪೂಜೆ ಮುಗಿಸಿ ನೆಟ್‌ಗೆ ಬರುವವರು. ತಾವೇ ಬೆಸುಗೆ ಹಾಕಿ ಮಾಡಿಕೊಂಡ ಐದು ವ್ಯಾಟಿನ ಸೆಟ್ಟು, ಅದಕ್ಕೆ ಹಳೆ ಸ್ಕೂಟರಿನ ಬ್ಯಾಟರಿ. ಮನೆ ಇರುವುದು ಕಾಡಿನ ತಗ್ಗಿನಲ್ಲಿ. ಮೊಬೈಲ್ ಅಲ್ಲಿ ಗಡಿಯಾರ ನೋಡಲಿಕ್ಕೆ ಮಾತ್ರ. ವಾರಕ್ಕೊಮ್ಮೆ ತಮ್ಮಂಥ ಹುಚ್ಚರ ಜೊತೆ ಮಾತಾಡಲು ಅವರಿಗಿರುವುದು ಆ ಅರ್ಧ ಗಂಟೆ. ವಾಟ್ಸ್ಯಾಪ್ ಪ್ರಸ್ತಾಪ ಅವರಿಗೆ ಮುಟ್ಟಿಯೂ ಇರಲಿಲ್ಲ. ಹೊರಗೆ ಹೋಗಬೇಕಾದವರಿಗೇ ಸುದ್ದಿ ಇಲ್ಲ.

ಸಿಟ್ಟು ಬಂತು. ಬರಬಾರದೇ? ಉತ್ತರ ಟೈಪ್ ಮಾಡುತ್ತ ಕೂರಲಿಲ್ಲ. ಮುಂದಿನ ಭಾನುವಾರ ಮೊದಲ ಬಸ್ಸಿಗೆ ಕಾರವಾರಕ್ಕೆ ಹೊರಟೆ. ಬಿಣಗಾ ದಾಟುವಾಗ ಹಿಂದಿನ ಲಾರಿಯವನು ಒತ್ತಿದ ಹಾರ್ನ್ ಇನ್ನೂ ಕಿವಿಯಲ್ಲಿದೆ. (ಅವನಿಗೂ ತ್ರೀ ನೈನೇ ಕೊಟ್ಟೆ.)

ಸಾಹೇಬರು ಸೌಜನ್ಯದವರೇ. ಬಾಗಿಲಲ್ಲೇ ಕೇಳಿದರು, 'ಬನ್ನಿ ಅಕ್ಕೋರೆ, ಆಂಪ್ಲಿಫೈಯರ್ ನೋಡೂಕೆ ಬಂದ್ರಾ?'

'ಇಲ್ಲ ಸಾರ್. ನಿಮ್ಮ ರಿಸೀವರ್ ಕೇಳೂಕೆ ಬಂದೆ.'

ಮಹಡಿಯ ರೂಮಿನಲ್ಲಿ ಕೂತೆವು. ನೆಟ್ ಶುರುವಾಯಿತು. ಒಬ್ಬೊಬ್ಬರಾಗಿ ಬಂದರು. ಸಾಹೇಬರು ಹಿಲ್ಲೂರನ್ನು ಕರೆದಾಗ ಮಾತ್ರ ಸ್ಪೀಕರಿನಲ್ಲಿ ಜೊರ್ರೆಂಬ ಸದ್ದು ಬಿಟ್ಟು ಏನೂ ಇಲ್ಲ.

'ನೋಡಿ, ಇದೇ ನಾ ಹೇಳೂದು. ಆ ಬದಿಗೆ ಪವರ್ ಇಲ್ಲ' ಅಂದರು.

ಅಂಕೋಲೆಯ ನನ್ನ ಮನೆಯಲ್ಲಿ ಭಟ್ಟರು ಸಣ್ಣಗಾದರೂ ಸ್ವಚ್ಛವಾಗಿ ಕೇಳಿಸುತ್ತಾರೆ. ಹಾಗಾದರೆ ಈ ಜೊರ್ರು ಯಾರದು? ಎದ್ದು, ತಲೆಯ ಮೇಲಿನ ಹೊಸ ಫ್ಯಾನ್ ಆಫ್ ಮಾಡಿದೆ. (ಅದರ ಎಲೆಕ್ಟ್ರಾನಿಕ್ ರೆಗ್ಯುಲೇಟರು ರೇಡಿಯೋಗೆ ಹಿಡಿದ ಶನಿ.) ಜೊರ್ರು ಅರ್ಧಕ್ಕೆ ಇಳಿಯಿತು. ಎಲ್‌ಇಡಿ ಲೈಟು ಆರಿಸಿದೆ. ಮೊಬೈಲ್ ಚಾರ್ಜರ್ ಕಿತ್ತೆ. ಕೆಳಗೆ ಓಡಿ, ಅಡುಗೆಮನೆಯಲ್ಲಿ ಸುರ್ನಳಿ ದೋಸೆ ಹೊಯ್ಯುತ್ತಿದ್ದ ಅವರ ಹೆಂಡತಿಯನ್ನು ಕೇಳಿ ಟೀವಿಯ ಪ್ಲಗ್ಗನ್ನೂ ತೆಗೆದೆ.

'ನಾ ಇಲ್ಲಿಂದ ಕರದ್ರೇ ಅವ್ರಿಗೆ ಕೇಳೂದಿಲ್ಲ ಅಕ್ಕೋರೆ. ನೀವು ಹಿಲ್ಲೂರಿಂದು ಕೇಳ್ಸೂಕೆ ಬಂದ್ರಿ' ಅಂದರು ಆಕೆ, ದೋಸೆ ತಿರುವುತ್ತ.

ಸಾಹೇಬರಿಗೆ ಇದೆಲ್ಲ ಗೊತ್ತಿಲ್ಲವೆಂದಲ್ಲ. ಇಂಜಿನಿಯರು. ನೆನಪಾಗಲಿಲ್ಲ, ಅಷ್ಟೆ. ತಮ್ಮ ಮಾತು ಎಲ್ಲ ಕಡೆ ಮುಟ್ಟುತ್ತಿದೆ ಅಂದುಕೊಂಡವರಿಗೆ ಕೇಳಿಸಿಕೊಳ್ಳುವ ಜರೂರು ಬೀಳುವುದೇ ಕಡಿಮೆ.

ಮೇಲೆ ಬಂದಾಗ ಅವರು ಬೆವರು ಒರೆಸಿಕೊಳ್ಳುತ್ತಿದ್ದರು. ಕಾರವಾರದ ಸೆಖೆ, ಫ್ಯಾನಿಲ್ಲದ ರೂಮು. ಸ್ಪೀಕರಿನಲ್ಲಿ ಭಟ್ಟರಿದ್ದರು. ಸಣ್ಣ ದನಿ, ಅಕ್ಷರ ಅಕ್ಷರವೂ ಸ್ಪಷ್ಟ. 'ಯಾರಾದ್ರೂ ಕೇಳ್ತಾ ಇದ್ರೆ ಉತ್ತರ ಕೊಡಿ. ಇದು ಮೂರನೇ ಸಲ ಕರೀತಾ ಇರೂದು.'

ಮೂರನೇ ಸಲ. ಮೊದಲೆರಡು ಸಲ ಉತ್ತರವಿಲ್ಲದೆ ಕಾದು ಕೂತಿದ್ದರಲ್ಲ ಆ ಮನುಷ್ಯ.

ಸಾಹೇಬರು ಮೈಕ್ ಎತ್ತಿಕೊಂಡರು. ರೂಢಿ ಬಿಡುತ್ತದೆಯೇ? 'ಭಟ್ರೆ, ಫೈವ್ ನೈನ್.'

'ಸಾಹೇಬ್ರೆ, ನಂದು ಐದು ವ್ಯಾಟು. ಈ ತಗ್ಗಿಂದ ಒಂಬತ್ತು ಹೇಗೆ ಬತ್ತದೆ? ಇದ್ದಷ್ಟೇ ಹೇಳಿ. ತಂತಿ ಎತ್ತರ ಕಟ್ಟೂದೋ ಬೇಡವೋ ನೋಡ್ಬೇಕು ನಂಗೆ.'

ನಾನು ಮೀಟರಿನ ಮುಳ್ಳಿನ ಕಡೆ ಬೆರಳು ತೋರಿಸಿದೆ. ಸಾಹೇಬರು ಅದನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಮೈಕ್ ಒತ್ತಿದರು. 'ಫೈವ್ ತ್ರೀ.' ಜೋರು ಮೂರು, ಅರ್ಥ ಪೂರ್ತಿ.

'ಹಾಂ, ಈಗ ಸರಿ' ಅಂದರು ಭಟ್ಟರು. ದನಿಯಲ್ಲಿ ಸಂತೋಷವಿತ್ತು.

ನಾನೂರು ವ್ಯಾಟಿನ ಮೇಲೆ ನನಗೆ ಹಗೆಯಿಲ್ಲ. ದೂರದೂರಿಗೆ ಬೇಕು, ಆಪತ್ತಿನಲ್ಲಿ ಬೇಕು. ಆದರೆ 'ನನಗೆ ಕೇಳಿಸಲಿಲ್ಲ, ಆದ್ದರಿಂದ ನೀನು ಹೊರಗೆ ನಡೆ' ಅನ್ನುವುದು ಎಲ್ಲಿಯ ನ್ಯಾಯ? ಸಭೆಯಲ್ಲಿ, ಮದುವೆಮನೆಯಲ್ಲಿ, ಸ್ಟಾಫ್ ರೂಮಿನಲ್ಲಿ ದನಿ ಏರಿಸಿದವರಿಗೆಲ್ಲ ನಾವು ಫೈವ್ ನೈನ್ ಕೊಡುತ್ತ ಬಂದಿದ್ದೇವೆ. ತಮ್ಮ ಮಾತು ಎಲ್ಲರಿಗೂ ತಿಳಿಯುತ್ತಿದೆ ಅಂತಲೇ ಅವರು ನಂಬಿದ್ದಾರೆ. ನಂಬಿಸಿದವರು ಯಾರು? ನಾನೂ ಅದರಲ್ಲಿ ಒಬ್ಬಳು. ಇನ್ನು ಕೊಡುವುದಿಲ್ಲ.

ಐವತ್ತು ವ್ಯಾಟಿನ ಪ್ರಸ್ತಾಪ ಇನ್ನೂ ಗ್ರೂಪಿನಲ್ಲೇ ಇದೆ. ಸಾಹೇಬರು ಅದನ್ನು ಅಳಿಸಿಲ್ಲ, ಮತ್ತೆ ಎತ್ತಿಯೂ ಇಲ್ಲ. ಹೆಬ್ಬೆಟ್ಟು ಒತ್ತಿದ ಮಹನೀಯರಿಗೆ ನಾನು ಹೇಳುವುದಿಷ್ಟೇ. ರೂಲ್ ಬರಲಿ, ಬಿಡಲಿ. ಈ ಭಾನುವಾರ ಏಳೂವರೆಗೆ ಹಿಲ್ಲೂರೂ ಬರುತ್ತದೆ, ಅಂಕೋಲೆಯೂ ಬರುತ್ತದೆ. ಐದೈದು ವ್ಯಾಟಿನಲ್ಲೇ.

ಕೇಳಿಸುವುದಿಲ್ಲವೇ? ಮೊದಲು ನಿಮ್ಮ ಫ್ಯಾನ್ ಆಫ್ ಮಾಡಿ.