ರಬ್ಬರ್ ತಾರಸಿಯೂ ಅತ್ತೆಯ ಕೊಬ್ಬರಿಯೂ

ನನ್ನ ಗಂಡ ಹನ್ನೊಂದು ವರ್ಷ ಕೊಲ್ಲಿ ದೇಶದಲ್ಲಿ ಕಂಡವರ ತಾರಸಿಗೆ ರಬ್ಬರ್ ಶೀಟು ಅಂಟಿಸಿದವರು. ಮಳೆಯೇ ಬಾರದ ಊರಿನಲ್ಲಿ ನೀರು ಸೋರದ ಹಾಗೆ ನೋಡಿಕೊಳ್ಳುವುದು ಎಂಥ ಉದ್ಯೋಗವೋ, ದೇವರೇ ಬಲ್ಲ! ಇತ್ತ ನಮ್ಮೂರು ಪೈವಳಿಕೆಯಲ್ಲಿ ಅವರೇ ಕಟ್ಟಿಸಿದ ಮನೆಯೊಳಗೆ, ಜೂನ್ ಬಂತೆಂದರೆ ನಾನೂ ಅತ್ತೆಯೂ ಬಾಲ್ದಿ, ಚೆಂಬು ಹಿಡಿದು ಕೋಣೆಯಿಂದ ಕೋಣೆಗೆ ಓಡುತ್ತಿದ್ದೆವು.

ಒಂದು ಡಿಸೆಂಬರಿನಲ್ಲಿ ರಜೆಗೆ ಬಂದಾಗ ಅವರಿಗೇ ನಾಚಿಕೆಯಾಯಿತು. ಕರಿ ಶೀಟಿನ ಸುರುಳಿಗಳನ್ನು ತರಿಸಿ ಇಡೀ ತಾರಸಿಗೆ ತಾವೇ ಅಂಟಿಸಿದರು. ಹೊರಡುವ ದಿನ ಒಂದು ಮಾತು ಹೇಳಿದರು: ಬರುವ ಮಳೆಗಾಲ ಪೂರ್ತಿ ಒಂದು ತೊಟ್ಟೂ ಇಳಿಯದಿದ್ದರೆ ಕೊಲ್ಲಿ ಬಿಟ್ಟು ಬಂದು ಹತ್ತಿರದ ಉಪ್ಪಳದಲ್ಲಿ ಇದೇ ಕೆಲಸ ಹಿಡಿಯುವುದು, ಗಿರಾಕಿಗಳಿಗೆ ನಮ್ಮ ತಾರಸಿಯನ್ನೇ ತೋರಿಸುವುದು. ಊರಿಗೆ ಬಂದು ನಿಲ್ಲುವ ಮಾತನ್ನು ಅವರು ತಾವಾಗಿ ಎತ್ತಿದ್ದು ಅದೇ ಮೊದಲು. ಅಂದಿನಿಂದ ಆ ಕರಿ ಶೀಟಿಗೆ ಏನಾದರೂ ಆದೀತೆಂದು ನನಗೆ ಜೀವವೇ ಕೈಯಲ್ಲಿ.

ಮಾಡಬೇಕಾದ್ದನ್ನೆಲ್ಲ ಒಂದು ಕಾಗದದಲ್ಲಿ ಬರೆದಿಟ್ಟು ಹೋಗಿದ್ದರು. ಚಪ್ಪಲಿ ಹಾಕಿ ಹತ್ತಬಾರದು. ಕುರ್ಚಿ ಎಳೆಯಬಾರದು. ಹಿಡಿಸೂಡಿ ಬೇಡ, ತೆಂಗಿನ ಕಡ್ಡಿ ಚುಚ್ಚುತ್ತದೆ. ಮೆತ್ತನೆಯ ಹುಲ್ಲಿನ ಪೊರಕೆಯಲ್ಲೇ ಗುಡಿಸಬೇಕು. ನೀರು ಹೋಗುವ ಪೈಪಿನ ಬಾಯಲ್ಲಿ ಎಲೆ ನಿಲ್ಲಬಾರದು. ತಿಂಗಳಿಗೊಮ್ಮೆ ಸೋಪಿನ ನೀರಲ್ಲಿ ತೊಳೆಯಬೇಕು. ಎಣ್ಣೆಯಂತೂ ಬೀಳಲೇಬಾರದು, ರಬ್ಬರ್ ಉಬ್ಬುತ್ತದೆ. ನಾನೋ ಶಾಲೆಯ ಟೀಚರು, ನಿಯಮ ಎಂದರೆ ನಿಯಮ. ಟಿವಿಯ ಡಿಶ್ ಸರಿಮಾಡಲು ಬಂದವನನ್ನು ನಡುಮಧ್ಯಾಹ್ನ ಬರಿಗಾಲಲ್ಲೇ ಹತ್ತಿಸಿದೆ. ಕಾದ ರಬ್ಬರಿನ ಮೇಲೆ ಅವನು ಕುಣಿದ ಕುಣಿತಕ್ಕೆ ಅತ್ತೆ ಹೊಟ್ಟೆ ಹಿಡಿದು ನಕ್ಕರು. ಪಾಪ ಅನಿಸಿತು, ಆದರೂ ಚಪ್ಪಲಿಗೆ ಒಪ್ಪಲಿಲ್ಲ.

ಬಿಸಿಲಿಗೆ ಅಷ್ಟು ಕಾಯುವ ಜಾಗ ಸುಮ್ಮನೆ ಬಿದ್ದಿದೆಯಲ್ಲ ಎಂದು ಅತ್ತೆಗೆ ಹೊಳೆದದ್ದು ಆಗಲೇ ಇರಬೇಕು. ಮಾರ್ಚಿನಲ್ಲಿ ನಾನು ಪರೀಕ್ಷೆಯ ಗಡಿಬಿಡಿಯಲ್ಲಿದ್ದೆ. ಬೆಳಿಗ್ಗೆ ನಾನು ಬಸ್ಸು ಹತ್ತಿದ ಮೇಲೆ ಅವರು ತಾರಸಿ ಹತ್ತಿ ತೆಂಗಿನ ಹೋಳು ಹರಡುವುದು, ಸಂಜೆ ನಾನು ಬರುವ ಮೊದಲೇ ಬಾಚಿ ಇಳಿಸುವುದು. ಅಂಗಳದಲ್ಲಿ ವಾರ ಬೇಕಾಗುವ ಕೊಬ್ಬರಿ ಅಲ್ಲಿ ಮೂರೇ ದಿನಕ್ಕೆ ಒಣಗಿತಂತೆ. ಗಾಣಕ್ಕೆ ಕೊಟ್ಟು ಎಣ್ಣೆ ಮಾಡಿಸಿ, ಕೊಲ್ಲಿಗೆ ಹೋಗುವವರು ಯಾರಾದರೂ ಸಿಕ್ಕರೆ ಮಗನಿಗೆ ಕಳಿಸುವುದು ಅವರ ವರ್ಷದ ವಾಡಿಕೆ.

ರಜೆ ಸಿಕ್ಕಿದ ಮೊದಲ ದಿನ ಸೋಪಿನ ನೀರು ಹಿಡಿದು ಮೇಲೆ ಹೋದರೆ, ಶೀಟು ಪೂರಿಯ ಹಾಗೆ ಅಲ್ಲಲ್ಲಿ ಉರುಟುರುಟಾಗಿ ಉಬ್ಬಿತ್ತು. ಮುಟ್ಟಿದರೆ ಜಿಡ್ಡು. ನನ್ನ ಪಿತ್ತ ನೆತ್ತಿಗೇರಿತು.

"ಎಂತ ಅತ್ತೆ ಇದು? ಎಣ್ಣೆ ಬೀಳಬಾರದು ಅಂತ ಓದಿ ಹೇಳಿದ್ದೆ ಅಲ್ವಾ?"

"ನಾನು ಎಣ್ಣೆ ಎಲ್ಲಿ ಹಾಕಿದ್ದೇನೆ ಮಾರಾಯ್ತಿ? ಕೊಬ್ಬರಿ ಅಲ್ವಾ ಇಟ್ಟದ್ದು?"

ನಮ್ಮ ಮನೆಮಾತು ತುಳು. ಕನ್ನಡದಲ್ಲಿ ಬರೆಯುವಾಗ ಅತ್ತೆಯ ಧಾಟಿ ಅರ್ಧ ಇಳಿದುಹೋಗುತ್ತದೆ. ಜಗಳಕ್ಕೆಂದೇ ಬಾಯಿ ತೆರೆದವಳು ನಾನು, ಅಲ್ಲೇ ಕೂತು ಅತ್ತುಬಿಟ್ಟೆ. ಇನ್ನು ಇವರು ಬರುವುದಿಲ್ಲ ಎಂದೆ. ಆಗ ಅತ್ತೆಯ ಮುಖ ಬಿಳಿಚಿಕೊಂಡಿತು. ಸೀದಾ ಕೆಳಗೆ ಹೋಗಿ, ಎಣ್ಣೆಸ್ನಾನಕ್ಕೆ ಇಟ್ಟ ಸೀಗೆಪುಡಿ ತಂದು, ಸೆರಗು ಸಿಕ್ಕಿಸಿ ತಾರಸಿಯನ್ನು ತಿಕ್ಕತೊಡಗಿದರು. ಜಿಡ್ಡು ಹೋಯಿತು. ಉಬ್ಬು ಮಾತ್ರ ಹಾಗೆಯೇ ಉಳಿಯಿತು.

ಗಂಡನ ಫೋನು ಬಂದಾಗ ಮುಚ್ಚಿಡೋಣ ಎಂದುಕೊಂಡಿದ್ದೆ. ಅತ್ತೆ ಫೋನು ಕಿತ್ತುಕೊಂಡು ಮೊದಲಿನಿಂದ ಕೊನೆಯವರೆಗೆ ತಾವೇ ಒಪ್ಪಿಸಿದರು. ಇವರು ಫೋನನ್ನು ನನ್ನ ಕೈಗೆ ಕೊಡಿಸಿ ಎಷ್ಟು ಉಬ್ಬು ಎಂದು ಕೇಳಿದರು. ಎಣಿಸಿ ಬಂದೆ, ಮೂವತ್ತೇಳು. ಜೋಡಿಸಿದ ಅಂಚು ಬಿಟ್ಟಿದೆಯೇ ಎಂದರು. ಎರಡು ಕಡೆ ಎಂದೆ. ಇನ್ನು ಬೈಗುಳವೇ ಎಂದು ಕಾದೆ.

"ನಮ್ಮ ಊರಲ್ಲಿ ಕೊಬ್ಬರಿ ಒಣಗಿಸದ ತಾರಸಿ ಎಲ್ಲುಂಟು?" ಎಂದರು, ತಮಗೆ ತಾವೇ ಹೇಳಿಕೊಂಡ ಹಾಗೆ. "ಇದು ಅಂಟಿಸಿ ಹೋಗುವ ಕೆಲಸ ಅಲ್ಲ. ಅಲ್ಲೇ ಇದ್ದು ನೋಡಿಕೊಳ್ಳುವ ಕೆಲಸ. ಮಳೆಗೆ ಮೊದಲು ಬರ್ತೇನೆ. ಮತ್ತೆ ಹೋಗುವುದಿಲ್ಲ."

ಇವರು ಹೇಳಿದ್ದನ್ನು ಅತ್ತೆ ನನ್ನಿಂದ ಎರಡು ಸಲ ಹೇಳಿಸಿ ಕೇಳಿದರು. ಸೀಗೆಪುಡಿ ಮೆತ್ತಿದ ಕೈಯಲ್ಲೇ ಕಣ್ಣು ಒರೆಸಿಕೊಂಡು, ಉರಿ ಎಂದು ಇನ್ನಷ್ಟು ಅತ್ತರು.

"ಇಷ್ಟಕ್ಕೇ ಬರುವವ ಅಂತ ಗೊತ್ತಿದ್ದರೆ ನಾನು ಹನ್ನೊಂದು ವರ್ಷ ಅಂಗಳದಲ್ಲಿ ಯಾಕೆ ಒಣಗಿಸ್ತಿದ್ದೆ?" ಎಂದರು.