ತಂಗಳ ನೀರಿನ ದಿಗ್ವಿಜಯ

ದಹಿಸರ್‌ನ ಆ ಚಾಳಿನಲ್ಲಿ ಗುರುಬಾಯಿಗೆ ಹೆದರದ ಜಿರಳೆ ಇರಲಿಲ್ಲ. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತೆಂದರೆ ಸೆರಗು ಸಿಕ್ಕಿಸಿ ರಣರಂಗಕ್ಕಿಳಿಯುವಳು. ನಿನ್ನೆಯ ನೀರೆಲ್ಲ ಮೋರಿಗೆ, ಇಂದಿನದು ಕೊಡಕ್ಕೆ, ಡ್ರಮ್ಮಿಗೆ. ವಿಜಯಪುರದ ಕಡೆಯ ತವರಿನಿಂದ ಅವಳು ತಂದಿದ್ದ ಶಾಸನ ಒಂದೇ: ರಾತ್ರಿ ಕಳೆದ ನೀರು ತಂಗಳು, ತಂಗಳು ಯಾರಿಗೂ ಸಲ್ಲದು.

ಗಾರೆ ಕೆಲಸದ ಗಂಡ ಅಣವೀರಪ್ಪ ಗಾಜಿನ ತೊಟ್ಟಿಯೊಂದನ್ನೂ ಮೊಟ್ಟೆಯಿಡದೆ ಮರಿ ಹಾಕುವ ನಾಲ್ಕು ಗಪ್ಪಿ ಮೀನುಗಳನ್ನೂ ಹೊತ್ತು ತಂದಾಗ ಶಾಸನ ಅವುಗಳಿಗೂ ಜಾರಿಯಾಯಿತು. ಮೀನು ಮುಟ್ಟದ ಮನೆತನದ ಗುರುಬಾಯಿ ಗಪ್ಪಿಗಳ ಬಾಣಂತನವನ್ನೇ ವಹಿಸಿಕೊಂಡಳು. ದಿನವೂ ತೊಟ್ಟಿ ಬರಿದು ಮಾಡಿ, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ, ತಾಜಾ ನೀರು ತುಂಬುವಳು. ಮರಿಗಳು ಮೇಲೆ ಬಂದು ಬಾಯಿ ಬಾಯಿ ಬಿಡುವವು, ಆಮೇಲೆ ಹೊಟ್ಟೆ ಮೇಲಾಗುವವು. ಎರಡು ಹೆರಿಗೆ ಹೀಗೇ ಮುಗಿದವು.

"ಈ ಸಲಾನೂ ಮರಿ ಉಳೀಲಿಲ್ಲಂದ್ರ ತೊಟ್ಟಿ ಅಮೋಲಗ ಕೊಟ್ಟಬಿಡ್ತೀನಿ ನೋಡು," ಎಂದ ಅಣವೀರಪ್ಪ. ಅಮೋಲ್ ಸ್ಟೇಷನ್ ಬಳಿ ಅಲಂಕಾರಿಕ ಮೀನು ಮಾರುವವನು.

"ನಾ ಏನ್ ಕಡಿಮಿ ಮಾಡೀನ್ರಿ? ನೀವು ಜಳಕಾ ಮಾಡೂದಕ್ಕಿಂತ ಹೆಚ್ಚು ಸಲ ಅವುಕ್ಕ ನೀರು ಬದಲಿಸೀನಿ!"

ಮೂರನೇ ಹೆರಿಗೆಯಾದ ದಿನವೇ ಎಲ್ಲೋ ಪೈಪು ಒಡೆದು ನಲ್ಲಿ ಮೌನವ್ರತ ಹಿಡಿಯಿತು. ಗುರುಬಾಯಿ ತೊಟ್ಟಿಯ ತಳದ ಕಸವನ್ನಷ್ಟೇ ಮಗ್ಗಿನಲ್ಲಿ ಎತ್ತಿ, ಡ್ರಮ್ಮಿನಲ್ಲಿ ಉಳಿದಿದ್ದ ನಿನ್ನೆಯ ನೀರನ್ನು ಅಂಜುತ್ತ ಸುರಿದಳು. "ತಂಗಳ ಕೊಡಾಕತ್ತೀನಿ, ತಪ್ಪ ತಿಳೀಬ್ಯಾಡ್ರವ್ವಾ," ಎಂದು ಮೀನುಗಳ ಕ್ಷಮೆ ಕೇಳಿದಳು.

ಮೀನುಗಳು ಕ್ಷಮಿಸಿದ್ದಷ್ಟೇ ಅಲ್ಲ, ಕುಣಿದವು. ನೀರು ಬಾರದ ಅಷ್ಟೂ ದಿನ ಒಂದು ಮರಿಯೂ ಸಾಯಲಿಲ್ಲ!

ನಲ್ಲಿ ಮತ್ತೆ ಬಾಯಿ ತೆರೆದ ಬೆಳಿಗ್ಗೆ ಗುರುಬಾಯಿ ತಾಜಾ ಕೊಡ ಹಿಡಿದು ತೊಟ್ಟಿಯ ಮುಂದೆ ನಿಂತಳು. ಕೊಡದಿಂದ ಮೂಗಿಗೆ ಔಷಧಿಯ ವಾಸನೆ ಬಡಿಯಿತು. ಡ್ರಮ್ಮಿಗೆ ಮೂಗು ತೂರಿಸಿದಳು. ಅಲ್ಲಿ ವಾಸನೆಯೇ ಇಲ್ಲ. ಕೊಡ ಕೆಳಗಿಳಿಯಿತು.

ಅಣವೀರಪ್ಪ ಮೊದಲೇ ಹೇಳಿಟ್ಟಿದ್ದಂತೆ ತೊಟ್ಟಿ ಒಯ್ಯಲು ಗೋಣಿಚೀಲ ಹಿಡಿದು ಬಂದಿದ್ದ ಅಮೋಲ್ ಈ ಕಥೆ ಕೇಳಿ ಹಣೆ ಚಚ್ಚಿಕೊಂಡ. "ಮೌಶಿ, ಕ್ಲೋರಿನ್ ರಾತ್ ಭರ್ ಮೇ ಉಡ್ ಜಾತಾ ಹೈ! ರೋಜ್ ತಾಜಾ ಜಹರ್ ದೇತೀ ಥೀ ಕ್ಯಾ?" ನಲ್ಲಿ ನೀರಿನ ಕ್ಲೋರಿನ್ ರಾತ್ರಿ ಕಳೆದರೆ ಹಾರಿಹೋಗುತ್ತದೆ, ಅವಳು ದಿನವೂ ಕೊಟ್ಟದ್ದು ತಾಜಾ ವಿಷ ಎಂದು ಅವನ ಅಳಲು. ಸ್ಪಂಜಿನೊಳಗೆ ಕೊಳೆ ತಿಂದು ನೀರನ್ನು ಕಾಯುವ ಜೀವಾಣುಗಳನ್ನೂ ಅದೇ ಕ್ಲೋರಿನ್ ಕೊಲ್ಲುತ್ತಿತ್ತೆಂದ. ತೊಟ್ಟಿ ಬಿಟ್ಟು, ಬೆಳೆದ ಮೇಲೆ ಒಂದಿಷ್ಟು ಮರಿಗಳನ್ನು ತನಗೆ ಕೊಡಬೇಕೆಂದು ಬೇಡಿಕೊಂಡು ಹೋದ.

ಮರುದಿನ ಅಣವೀರಪ್ಪ ಸ್ನಾನಕ್ಕೆಂದು ಡ್ರಮ್ಮಿಗೆ ತಂಬಿಗೆ ಹಾಕಿದ.

"ಕೈ ತೆಗೀರಿ ಮೊದಲ! ಅದು ತಂಗಳ ನೀರು, ನನ್ನ ಮಕ್ಕಳದು. ನೀವು ತಾಜಾದ್ದರಾಗ ಮಾಡ್ಕೋರಿ!"